ಸೂರ್ಯೋದಯ ತಾಳ

ಪಟ್ಟಿಯಲ್ಲಿ ಮೂವತ್ತೊಂಬತ್ತು ಹೆಸರಿದ್ದವು. ಬೇಕಾದದ್ದು ನಲವತ್ತು. ಭೀಮಶ್ಯಾನ ಅಂದಿನ ತಾಪತ್ರಯಕ್ಕೆಲ್ಲ ಇಷ್ಟೇ ಕಾರಣ.

ಚಿತ್ತಾಪುರದ ಒಂದು ಸರಕಾರಿ ಕಚೇರಿಯಲ್ಲಿ ಭೀಮಶ್ಯಾ ಇಪ್ಪತ್ತೆಂಟು ವರ್ಷದಿಂದ ಜವಾನ. ಬೆಳಿಗ್ಗೆ ವಾಡಿಯಿಂದ ಪ್ಯಾಸೆಂಜರ್ ಗಾಡಿ ಹಿಡಿದು ಬಂದು ಬಾಗಿಲು ತೆಗೆಯುವವನು ಅವನು, ಸಂಜೆ ಫ್ಯಾನುಗಳನ್ನೆಲ್ಲ ಆರಿಸಿ ಕೀಲಿ ಹಾಕುವವನೂ ಅವನೇ. ಆ ದಿನ ನೌಕರರ ಒತ್ತಡ ಕಡಿಮೆ ಮಾಡಲೆಂದು ಕಚೇರಿಯ ಅಂಗಳದಲ್ಲಿ ಒಂದು ದಿನದ ಶಿಬಿರವಿತ್ತು. ಶಾಮಿಯಾನದ ಹಗ್ಗ ಬಿಗಿದು, ಕುರ್ಚಿ ಹಾಕಿ, ನೀರಿನ ಕ್ಯಾನು ಹೊತ್ತು ತಂದು ಅವನು ಬೆವರು ಒರೆಸಿಕೊಳ್ಳುತ್ತಿದ್ದಾಗ ಹೆಡ್‌ಕ್ಲರ್ಕ್ ಸಂಗಮೇಶ್ವರ ಪಟ್ಟಿ ಹಿಡಿದು ಬಂದರು.

"ಭೀಮಶ್ಯಾ, ನೀನೂ ಒಂದ್ ಕುರ್ಚಿ ಮ್ಯಾಲ ಕುಂದ್ರು."

"ನಾ ಯಾಕ್ರಿ ಸಾಹೇಬ್ರ? ನನಗ್ಯಾವ ಒತ್ತಡ ಅದರಿ?"

"ಇಲ್ಲಂದ್ರ ಈಗ ಬರ್ತದ ತಗೋ. ಫೋಟೋದಾಗ ನಲವತ್ತು ತಲಿ ಕಾಣಬೇಕು."

ಭೀಮಶ್ಯಾ ಹಿಂದಿನ ಸಾಲಿನ ಮೂಲೆಯ ಕುರ್ಚಿಯ ಅಂಚಿನಲ್ಲಿ, ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕುಳಿತವನಂತೆ ಕುಳಿತ. ಆಗ ದೊಡ್ಡ ದೊಡ್ಡ ಡಬ್ಬಗಳನ್ನು ಒಡೆದರು. ಒಳಗಿನಿಂದ ಬಂದವು ನಲವತ್ತು ಹಲಗಿ. ಎಡಗೈಯಲ್ಲಿ ಎದೆಗೆ ಆನಿಸಿಕೊಂಡು, ಬಲಗೈಯ ಕೋಲು, ಎಡಗೈಯ ಸಣ್ಣ ಕಡ್ಡಿಯಿಂದ ಬಾರಿಸುವ ತಮಟೆಯಂಥ ಹಲಗಿ. ಚರ್ಮದ ಜಾಗದಲ್ಲಿ ಬಿಳಿಯ ಪ್ಲಾಸ್ಟಿಕ್ಕು ಬಿಗಿದಿದ್ದರು ಅಷ್ಟೇ.

ಭೀಮಶ್ಯಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

ಅವನು ಮೂಲತಃ ತೆಂಗಳಿಯವನು. ಏಳನೆಯ ವಯಸ್ಸಿಗೇ ಅಪ್ಪ ಅವನ ಕೈಗೆ ಹಲಗಿ ಕೊಟ್ಟಿದ್ದ. ಹದಿನೈದಾಗುವ ಹೊತ್ತಿಗೆ ಸುತ್ತಲಿನ ನಾಲ್ಕು ಊರಿನಲ್ಲಿ ಅವನ ಕೈಯ ಸಪ್ಪಳವನ್ನು ಮಂದಿ ಕಣ್ಣು ಮುಚ್ಚಿ ಗುರುತಿಸುತ್ತಿದ್ದರು. ಮದುವೆಗೆ, ಹಬ್ಬಕ್ಕೆ, ಹೆಣದ ಮುಂದೆ, ಕರೆದಲ್ಲಿ ಹೋಗಿ ಬಾರಿಸಬೇಕು. ಬಾರಿಸಿ ಮುಗಿಸಿದ ಮೇಲೆ ದೂರ ನಿಂತು, ಮೇಲಿಂದ ಹಾಕಿದ ರೊಟ್ಟಿಯನ್ನು ಧೋತರದ ಸೆರಗೊಡ್ಡಿ ಹಿಡಿಯಬೇಕು. ಮನೆಯವರೆಲ್ಲ ಬೌದ್ಧ ಧಮ್ಮ ದೀಕ್ಷೆ ತೆಗೆದುಕೊಂಡ ದಿನ ಅಪ್ಪ ತನ್ನ ಹಲಗಿಯನ್ನೂ ಮಗನ ಹಲಗಿಯನ್ನೂ ಅಂಗಳದಲ್ಲಿಟ್ಟು ಬೆಂಕಿ ಹಚ್ಚಿದ. "ಇನ್ನ ಮ್ಯಾಲ ನಮ್ಮ ಮನಿಯಾಗ ಪುಸ್ತಕದ ಹಾಳಿ ತಿರುವೋ ಸಪ್ಪಳ ಅಷ್ಟೇ ಬರಬೇಕು" ಎಂದ. ಹತ್ತೊಂಬತ್ತು ವರ್ಷದ ಭೀಮಶ್ಯಾ ಆಣೆ ಮಾಡಿದ.

ಆಮೇಲೆ ನೌಕರಿ ಸಿಕ್ಕಿತು, ಸಂಸಾರ ವಾಡಿಗೆ ಬಂತು. ತನಗೆ ಹಲಗಿ ಬರುತ್ತದೆಂದು ಕಚೇರಿಯಲ್ಲಿ ಅವನು ಉಸಿರೆತ್ತಲಿಲ್ಲ. ಒಮ್ಮೆ ಗೊತ್ತಾಯಿತೆಂದರೆ ಪ್ರತಿಯೊಬ್ಬರ ಮನೆಯ ಮೆರವಣಿಗೆಗೂ "ಏ ಭೀಮಶ್ಯಾ, ಒಂಚೂರು ಬಾರಸಿ ಹೋಗೋ" ಎನ್ನುತ್ತಾರೆಂದು ಅವನಿಗೆ ಗೊತ್ತು. ಮಗಳು ಲುಂಬಿನಿಗೂ ಹೇಳಿರಲಿಲ್ಲ. ಅಜ್ಜ ಬಾರಿಸುತ್ತಿದ್ದ, ಸುಟ್ಟುಬಿಟ್ಟ ಎಂಬಷ್ಟು ಅವಳಿಗೆ ಗೊತ್ತಿತ್ತು. ಅಪ್ಪನ ವಿಷಯ ಹೆಂಡತಿ ಅನಸುಬಾಯಿಯ ಹೊಟ್ಟೆಯಲ್ಲಿ ಮಾತ್ರ ಇತ್ತು.

ತರಬೇತಿ ಕೊಡಲು ಬೆಂಗಳೂರಿನಿಂದ ಬಂದವರ ಹೆಸರು ಋತ್ವಿಕ್. ಮೂವತ್ತೈದರ ಆಸುಪಾಸು. ಕೂದಲನ್ನು ಸಣ್ಣ ಸಣ್ಣ ಹಗ್ಗದಂತೆ ಹೊಸೆದು ನೆತ್ತಿಯ ಮೇಲೆ ಕಟ್ಟಿದ್ದರು. ಸಂಗಮೇಶ್ವರ ಪಕ್ಕದವರ ಕಿವಿಯಲ್ಲಿ, "ಜಡಿ ಬಿಟ್ಟಾರ ನೋಡ್ರಿ. ಯಾವ ಮಠದವರೋ ಏನೋ" ಎಂದರು.

"ಈ ಕೂದಲು ಅಮೆರಿಕದ ಕಪ್ಪು ಜನರ ಸ್ಟೈಲು" ಎಂದು ಋತ್ವಿಕ್ ತಾವೇ ಹೇಳಿದರು. "ನನ್ನ ಗುರುಗಳಿಗೂ ಹೀಗೇ ಇದೆ. ಅವರು ಕ್ಯಾಲಿಫೋರ್ನಿಯಾದವರು, ಬಿಳಿಯರು. ಅಲ್ಲಿಯ ಕಪ್ಪು ಜನರ ಜೊತೆ ಕೂತು ಡ್ರಮ್ ಕಲಿತರು. ಆಮೇಲೆ ಅದನ್ನ ವೈಜ್ಞಾನಿಕವಾಗಿ ತಿದ್ದಿ ಒಂದು ಕೋರ್ಸ್ ಮಾಡಿದರು. ನಾನು ಅದನ್ನ ನಮ್ಮ ಹಲಗೆಗೆ ತಂದಿದೀನಿ."

"ಮತ್ತ ಆ ಕರಿ ಮಂದಿ ಎಲ್ಲಿದ್ದಾರ್ರಿ ಈಗ?" ಸಂಗಮೇಶ್ವರ ಕೇಳಿದರು.

"ಅವರಾ? ಅವರು ಅಲ್ಲೇ ಇದಾರೆ" ಎಂದು ಋತ್ವಿಕ್ ಮುಂದಿನ ವಿಷಯಕ್ಕೆ ಹೋದರು.

ಮುಂದಿನ ವಿಷಯ, ತಾಳ. ಹಿಂದೊಮ್ಮೆ ಈ ಕಡೆ ಬಂದಿದ್ದಾಗ ಬೆಳಗಿನ ಜಾವ ಲಾಡ್ಜಿನ ಕಿಟಕಿಯಿಂದ ಒಂದು ತಾಳ ಕೇಳಿಸಿತಂತೆ. ಕೇಳುತ್ತ ಕೇಳುತ್ತ ಸೂರ್ಯ ಹುಟ್ಟಿದನಂತೆ, ಮನಸ್ಸಿನ ಭಾರವೆಲ್ಲ ಇಳಿಯಿತಂತೆ. ಆ ತಾಳವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಅದಕ್ಕೆ ಸೂರ್ಯೋದಯ ತಾಳ ಎಂದು ಹೆಸರಿಟ್ಟರಂತೆ. ಇಷ್ಟು ಹೇಳಿ ಅವರು ಬಾರಿಸಿ ತೋರಿಸಿದರು.

ಭೀಮಶ್ಯಾ ಕಣ್ಣು ಪಿಳುಕಿಸದೆ ನೋಡಿದ. ಅದು ಹೆಣ ಎತ್ತುವ ತಾಳ. ಚಟ್ಟ ಹೆಗಲ ಮೇಲೆ ಏರಿ ಮನೆಯ ಬಾಗಿಲು ದಾಟುವಾಗ ಬಾರಿಸುವುದು. ಯಾರೋ ಪುಣ್ಯಾತ್ಮ ಬೆಳಗಿನ ಜಾವ ತೀರಿಕೊಂಡಿದ್ದಾನೆ, ಇವರು ಕಿಟಕಿ ತೆಗೆದು ಒತ್ತಡ ಇಳಿಸಿಕೊಂಡಿದ್ದಾರೆ.

"ಎಲ್ಲರೂ ಮುಗುಳ್ನಗ್ತಾ ಬಾರಿಸಿ" ಎಂದರು ಋತ್ವಿಕ್.

ಮೂವತ್ತೊಂಬತ್ತು ಜನ ಮುಗುಳ್ನಗುತ್ತ ಹೆಣ ಎತ್ತತೊಡಗಿದರು.

ಹೇಳಿದರೆ ಇಪ್ಪತ್ತೆಂಟು ವರ್ಷದ ಗುಟ್ಟು ಹೋಗುತ್ತದೆ. ನಿನಗೆ ಹೇಗೆ ಗೊತ್ತು ಎಂಬ ಒಂದೇ ಪ್ರಶ್ನೆ ಸಾಕು. ಭೀಮಶ್ಯಾ ಸುಮ್ಮನಾದ. ಸುಮ್ಮನಾದರೆ ಸಾಲದು, ಬಾರಿಸಲು ಬಾರದವನಂತೆ ಬಾರಿಸಬೇಕು. ಇದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಆಣೆ ಮಾಡಿದ್ದು ಅವನು, ಅವನ ಕೈಗಳಲ್ಲ. ಹಲಗಿ ಎದೆಗೆ ತಾಕಿದ ಕೂಡಲೇ ಎಡಗೈಯ ಬೆರಳುಗಳು ತಾವಾಗಿ ಕಡ್ಡಿಯನ್ನು ಹಿಡಿಯಬೇಕಾದ ಹಾಗೆ ಹಿಡಿದುಬಿಟ್ಟವು. ಅವನು ಗಾಬರಿಯಿಂದ ಅವುಗಳನ್ನು ಬಿಡಿಸಿ, ಕಡ್ಡಿಯನ್ನು ಬೆಂಡೆಕಾಯಿ ಹಿಡಿದ ಹಾಗೆ ಹಿಡಿದುಕೊಂಡ. ಏಟು ಬೀಳಬೇಕಾದಲ್ಲಿ ತಡೆದ, ತಡೆಯಬೇಕಾದಲ್ಲಿ ಹೊಡೆದ. ಋತ್ವಿಕ್ ಮೂರು ಸಲ ಅವನ ಬಳಿಗೆ ಬಂದರು. ಮೂರನೆಯ ಸಲ ಬೆನ್ನ ಹಿಂದೆ ನಿಂತು ಅವನ ಎರಡೂ ಕೈ ಹಿಡಿದು, ಕೂಸಿಗೆ ಅಕ್ಷರ ತೀಡಿಸುವಂತೆ ಬಾರಿಸಿದರು.

"ಚಿಂತೆ ಮಾಡ್ಬೇಡಿ. ನಿಮಗೆ ರಿದಮ್ ಸ್ವಲ್ಪ ಕಡಿಮೆ. ಬರುತ್ತೆ."

"ಹೌದ್ರಿ" ಎಂದ ಭೀಮಶ್ಯಾ.

ಚಹದ ಹೊತ್ತಿಗೆ ಅವನು ನೀರಿನ ಟಾಕಿಯ ಹಿಂದೆ ಹೋಗಿ ಮಗಳಿಗೆ ಫೋನು ಮಾಡಿದ. ಲುಂಬಿನಿ ಕಲಬುರಗಿಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಳು. ದಿನವೂ ವಾಡಿಯಿಂದಲೇ ಹೋಗಿ ಬರುವವಳು.

"ಅವ್ವಾ, ಅಮೇರಿಕಾದಾಗ ಕರಿ ಮಂದಿ ಡೋಲು ಬಾರಸ್ತಿದ್ರೇನು?"

"ಎಂದಿಲ್ಲದ್ದು ಇವತ್ತ್ಯಾಕಪ್ಪಾ?"

"ಸುಮ್ಮ ಕೇಳಿದೆ."

"ಅವರಿಗಿ ಆಫ್ರಿಕಾದಿಂದ ಹಿಡಕೊಂಡು ಹೋಗಿ ಗುಲಾಮರ ಮಾಡಿದ್ರು. ಡೋಲಿನಾಗ ಒಬ್ಬರಿಗೊಬ್ಬರು ಸುದ್ದಿ ಮುಟ್ಟಸ್ತಾರ ಅಂತ ಹೆದರಿ ಡೋಲು ಬಾರಸೋದೇ ಬಂದ್ ಮಾಡಿಸಿದ್ರು. ಅವರು ತೊಡಿ ಬಡಕೊಂಡು, ಚಪ್ಪಾಳಿ ಹೊಡಕೊಂಡು ತಮ್ಮ ತಾಳ ಉಳಿಸಿಕೊಂಡ್ರು. ಮುಂದ ಅದೇ ಹಾಡು, ಅದೇ ಕುಣಿತ ಬಿಳಿ ಮಂದಿ ತಗೊಂಡು ದೊಡ್ಡ ಹೆಸರು ಮಾಡಿದ್ರಪ್ಪಾ. ಹಾಡು ಹುಟ್ಟಿಸಿದವರಿಗಿ ಹೋಟೆಲ್ ಮುಂದಿನ ಬಾಗಿಲಿಂದ ಒಳಗ ಬಿಡ್ತಿದ್ದಿಲ್ಲ."

"ಮತ್ತ ಅವರು ಸುಮ್ಮ ಕುಂತ್ರೇನು?"

"ಸುಮ್ಮ ಯಾಕ ಕುಂದ್ರತಾರ? ಮತ್ತ ಹೊಸಾದು ಹುಟ್ಟಸ್ತಾರ. ಇವರು ಅದನ್ನೂ ಒಯ್ತಾರ. ಅಂದಂಗ, ಎಲ್ಲಿದ್ದಿ ನೀ? ಏನದು ಗದ್ದಲ?"

"ಆಫೀಸಿನಾಗ ಶಿಬಿರ ಅದ. ಬೆಂಗಳೂರಿಂದ ಋತ್ವಿಕ್ ಅಂತ ಒಬ್ಬಾಂವ ಬಂದಾನ, ಜಡಿ ಬಿಟ್ಟಾನ."

"ಯಾರು, ಋತ್ವಿಕ್ಕಾ?" ಎಂದ ಅವಳ ದನಿ ಒಮ್ಮೆಲೇ ಸಣ್ಣದಾಯಿತು. "ಕ್ಲಾಸ್ ಶುರು ಆತಪ್ಪಾ, ಇಡ್ತೀನಿ" ಎಂದು ಲುಂಬಿನಿ ಫೋನು ಇಟ್ಟಳು.

ಚಹ ಮುಗಿದ ಮೇಲೆ ಋತ್ವಿಕ್ ಎಲ್ಲರನ್ನೂ ಎಬ್ಬಿಸಿ ವೃತ್ತಾಕಾರವಾಗಿ ನಿಲ್ಲಿಸಿದರು. ಈಗ ಭೀಮಶ್ಯಾನದೊಂದನ್ನು ಬಿಟ್ಟು ಮೂವತ್ತೊಂಬತ್ತು ಹಲಗಿಯೂ ಒಂದೇ ದನಿಯಲ್ಲಿ ಮೊಳಗಿದವು. ಸಪ್ಪಳ ಕಾಂಪೌಂಡು ದಾಟಿ, ರಸ್ತೆ ದಾಟಿ, ಸಂತೆಯ ಕಡೆ ಹೋಯಿತು. ಹತ್ತು ನಿಮಿಷದಲ್ಲಿ ಗೇಟಿನ ಬಳಿ ಗುಂಪು ಕೂಡಿತು. ಸಂಗಮೇಶ್ವರ ಭೀಮಶ್ಯಾನನ್ನು ಕರೆದು, "ಯಾಕ ಕೂಡ್ಯಾರ ಮಂದಿ, ನೋಡಿ ಬಾ" ಎಂದು ಕಳಿಸಿದರು.

ಗೇಟಿನೆದುರು ಚಹದಂಗಡಿಯ ಮಜೀದಸಾಬ ಅರ್ಧ ಶಟರ್ ಎಳೆದು, ತಲೆಯ ಮೇಲೆ ಟೊಪ್ಪಿಗೆ ಹಾಕಿಕೊಂಡು, ಕೈಯಲ್ಲಿ ಸೇವಂತಿಗೆಯ ಹಾರ ಹಿಡಿದು ನಿಂತಿದ್ದ.

"ಭೀಮಶ್ಯಾಣ್ಣ, ಸಾಹೇಬ್ರು ಯಾವಾಗ ಹೋದ್ರು?"

"ಮುಂಜಾನಿ. ಕಲಬುರಗಿಗಿ" ಎಂದ ಭೀಮಶ್ಯಾ. ಕಚೇರಿಯ ಸಾಹೇಬರು ಅಶೋಕಕುಮಾರ ಅಂದು ಮೀಟಿಂಗಿಗೆಂದು ಕಲಬುರಗಿಗೆ ಹೋಗಿದ್ದರು.

"ದವಾಖಾನಿಗಿ ಒಯ್ದಿದ್ರೇನು? ಅರೆ ಅಲ್ಲಾ. ನಿನ್ನಿ ಸಂಜಿಗಿ ನನ್ನ ಅಂಗಡಿಯಾಗೇ ಚಾ ಕುಡದು ಹೋಗಿದ್ರು."

"ಅಯ್ಯ, ಹಂಗಲ್ಲೋ ಮಾರಾಯ. ಯಾರೂ ಸತ್ತಿಲ್ಲ."

"ಸತ್ತಿಲ್ಲಂದ್ರ ಇದ್ಯಾಕ ಬಾರಸ್ತಾರ?"

ಅದಕ್ಕೆ ಭೀಮಶ್ಯಾನ ಬಳಿ ಉತ್ತರವಿತ್ತು, ಹೇಳುವ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಮುದುಕಿ ಲಾಲಮ್ಮ ಬಂದಳು. ನಿಂತುಹೋಗಿದ್ದ ಅವಳ ವೃದ್ಧಾಪ್ಯ ವೇತನವನ್ನು ಹೋದ ತಿಂಗಳು ಸಾಹೇಬರು ಮತ್ತೆ ಕೊಡಿಸಿದ್ದರು. ಅವಳು ಗೇಟಿನ ಮುಂದೆ ನೆಲಕ್ಕೆ ಕುಳಿತು ಎದೆ ಬಡಿದುಕೊಂಡು ಅಳತೊಡಗಿದಳು. "ನನ್ನಪ್ಪಾ, ನನ್ನ ಪಗಾರ ಮಾಡಿಸಿದ ಧಣಿ, ನನಗಿಂತ ಮೊದಲ ಹ್ಯಾಂಗ ಹೋದ್ಯೋ." ಅವಳ ಅಳು ಎಷ್ಟು ನಿಜವಾಗಿತ್ತೆಂದರೆ, ಯಾರೂ ಸತ್ತಿಲ್ಲವೆಂದು ಖಚಿತವಾಗಿ ಗೊತ್ತಿದ್ದ ಭೀಮಶ್ಯಾನ ಕಣ್ಣಲ್ಲೂ ನೀರು ಬಂತು.

ಸಾಹೇಬರಿಗೆ ಫೋನು ಹಚ್ಚಿದ. ಬಂದ್ ಇತ್ತು. ಮೀಟಿಂಗಿನಲ್ಲಿ ಬಂದ್ ಮಾಡಿದ್ದನ್ನು ತೆರೆಯಲು ಮರೆತಿರಬೇಕು. ಆ ಕಡೆ ನೋಡಿದರೆ ರಸ್ತೆಯ ತಿರುವಿನಲ್ಲಿ ಅವರ ಜೀಪು ಕಂಡಿತು. ಗುಂಪಿನ ನಡುವೆ ದಾರಿಗಾಗಿ ಹಾರ್ನ್ ಹೊಡೆಯುತ್ತ ಆಮೆಯಂತೆ ಬರುತ್ತಿತ್ತು. ಸಾಹೇಬರಿಗೆ ಮೊದಲೇ ರಕ್ತದೊತ್ತಡ. ತಮ್ಮ ಹೆಣಕ್ಕೆ ತಂದ ಹಾರವನ್ನು ತಾವೇ ಕಂಡರೆ ಹಾರ ವ್ಯರ್ಥವಾಗುವುದಿಲ್ಲವೆಂಬ ಭಯ ಹುಟ್ಟಿ ಭೀಮಶ್ಯಾ ಒಳಗೆ ಓಡಿದ.

"ಸಾಹೇಬ್ರ, ಬಂದ್ ಮಾಡಿಸ್ರಿ. ಇಲ್ಲಾ ತಾಳರೇ ಬದಲಿ ಮಾಡಿಸ್ರಿ."

ಸಂಗಮೇಶ್ವರ ಬೆವರಿಳಿಸಿಕೊಂಡು ತನ್ಮಯರಾಗಿ ಬಾರಿಸುತ್ತಿದ್ದರು. "ತಾಳದ ಸುದ್ದಿ ನಿನಗೇನ್ ಗೊತ್ತೋ? ನಡಿ, ನಿನ್ನ ಜಾಗಾದಾಗ ನಿಲ್ಲು."

ಭೀಮಶ್ಯಾ ತನ್ನ ಜಾಗದಲ್ಲಿ ನಿಂತ. ಹಲಗಿ ಎತ್ತಿಕೊಂಡ. ಹೊರಗೆ ಲಾಲಮ್ಮನ ಅಳು, ಜೀಪಿನ ಹಾರ್ನು. ಅವನು ಒಂದು ಕ್ಷಣ ಅಪ್ಪನನ್ನು ನೆನೆದ. ಆಮೇಲೆ ಬೆಂಡೆಕಾಯಿಯ ಹಿಡಿತ ಬಿಟ್ಟು, ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಟ್ಟ.

ಮದುಮಗನನ್ನು ಎದುರುಗೊಳ್ಳುವ ತಾಳ ಅದು. ಮೊದಲ ನಾಲ್ಕು ಏಟಿಗೆ ಅಕ್ಕಪಕ್ಕದವರ ಕೈ ತಪ್ಪಿತು. ಎಂಟನೆಯ ಏಟಿಗೆ ಅರ್ಧ ವೃತ್ತ ನಿಂತುಹೋಯಿತು. ಆಮೇಲೆ ಒಬ್ಬೊಬ್ಬರಾಗಿ ಅವನ ಹಿಂದೆ ಬಂದರು. ಪ್ಲಾಸ್ಟಿಕ್ಕಿನ ಹಲಗಿಯಿಂದ ಅಂಥ ಸಪ್ಪಳ ಬರುವುದೆಂದು ಅದನ್ನು ಮಾಡಿದವರಿಗೂ ಗೊತ್ತಿರಲಿಲ್ಲ. ಭೀಮಶ್ಯಾನ ಕಣ್ಣು ಮುಚ್ಚಿತ್ತು, ಭುಜ ಕುಣಿಯುತ್ತಿತ್ತು. ಆಣೆ ಮಾಡಿದಂದಿನಿಂದ ಮೂವತ್ತಮೂರು ವರ್ಷ ಕಟ್ಟಿ ಹಾಕಿದ್ದ ಕರು ಗೂಟ ಕಿತ್ತುಕೊಂಡು ಓಡಿದಂತಿತ್ತು.

ಗೇಟಿನಲ್ಲಿ ಮಂದಿ ಮುಖ ಮುಖ ನೋಡಿಕೊಂಡರು. ಅದೇ ಹೊತ್ತಿಗೆ ಜೀಪು ನಿಂತು ಅಶೋಕಕುಮಾರ ಸಾಹೇಬರು ಕೆಳಗಿಳಿದರು. ಕೈಯಲ್ಲಿದ್ದ ಹಾರವನ್ನು ಏನು ಮಾಡಬೇಕೆಂದು ತಿಳಿಯದ ಮಜೀದಸಾಬ ಅದನ್ನು ಅವರ ಕೊರಳಿಗೇ ಹಾಕಿದ. ಲಾಲಮ್ಮ ಎದ್ದು ಅವರ ಕೆನ್ನೆ ಸವರಿ, ಲಟಿಕೆ ಮುರಿದು, "ನೂರು ವರ್ಷ ಬಾಳು ನನ್ನಪ್ಪಾ" ಎಂದು ಮತ್ತೆ ಅತ್ತಳು. ಇದೆಲ್ಲ ತಮ್ಮ ಸ್ವಾಗತಕ್ಕೆಂದೇ ಸಾಹೇಬರು ತಿಳಿದರು. ಹಲಗಿ, ಹಾರ, ಇಷ್ಟು ಜನ, ಆನಂದಬಾಷ್ಪ. ಸಂಗಮೇಶ್ವರರ ಭುಜ ತಟ್ಟಿ, "ಇಷ್ಟೆಲ್ಲ ಯಾಕ ಮಾಡ್ಲಿಕ್ಕೆ ಹೋದ್ರಿ" ಎಂದರು. ಸಂಗಮೇಶ್ವರ ತಲೆ ತಗ್ಗಿಸಿ, "ನಮ್ಮ ಕರ್ತವ್ಯ ಸರ್" ಎಂದುಬಿಟ್ಟರು.

ತಾಳ ನಿಂತಿತು. ಎಲ್ಲರ ಕಣ್ಣೂ ಭೀಮಶ್ಯಾನ ಮೇಲೆ. ಈಗ ಕೇಳುತ್ತಾರೆ, ಎಲ್ಲಿ ಕಲಿತೆ ಎಂದು. ಅವನು ಉತ್ತರ ಸಿದ್ಧ ಮಾಡಿಕೊಂಡ. ತೆಂಗಳಿಯಲ್ಲಿ, ನಮ್ಮಪ್ಪನ ಹತ್ತಿರ. ಇಷ್ಟು ವರ್ಷದಲ್ಲಿ ಮೊದಲ ಸಲ ಅದನ್ನು ಹೇಳಬೇಕೆಂದು ಅವನಿಗೆ ಆಸೆಯಾಯಿತು.

ಆದರೆ ಋತ್ವಿಕ್ ಮೊಬೈಲು ಹಿಡಿದುಕೊಂಡು ಮುಂದೆ ಬಂದರು. "ನೋಡಿದ್ರಾ? ಮೂರೇ ಗಂಟೆ. ಬೆಳಿಗ್ಗೆ ಈ ಅಂಕಲ್‌ಗೆ ಕಡ್ಡಿ ಹಿಡಿಯೋಕೂ ಬರ್ತಿರಲಿಲ್ಲ. ನಮ್ಮ ವಿಧಾನದ ಶಕ್ತಿ ಇದು. ಎರಡೂ ವಿಡಿಯೋ ಇದೆ, ಮೊದಲಿಂದೂ ಈಗಿಂದೂ."

"ಖರೆ ಅದರಿ" ಎಂದರು ಸಂಗಮೇಶ್ವರ. "ನಾನೇ ಸಾಕ್ಷಿ. ಮುಂಜಾನಿ ಎಮ್ಮಿ ಮೈ ತಿಕ್ಕಿದಂಗ ಬಾರಸ್ತಿದ್ದ."

"ಸಾಹೇಬ್ರ, ನಾ..." ಎಂದ ಭೀಮಶ್ಯಾ.

"ಸಂಕೋಚ ಬ್ಯಾಡ ಭೀಮಶ್ಯಾ" ಎಂದು ಅಶೋಕಕುಮಾರ ಸಾಹೇಬರು ತಮ್ಮ ಕೊರಳಿನ ಹಾರ ತೆಗೆದು ಋತ್ವಿಕ್ ಅವರಿಗೆ ಹಾಕಿದರು. "ಗುರು ಛಲೋ ಸಿಕ್ಕಾನ ನಿನಗ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕಚೇರಿ ಮುಚ್ಚುವುದರೊಳಗೆ ಭೀಮಶ್ಯಾನ ಕೈಗೆ ಎರಡು ಕಾಗದ ಬಂದವು. ಒಂದು, ಆರಂಭಿಕ ಹಂತದಲ್ಲಿ ಉತ್ತೀರ್ಣನೆಂಬ ಪ್ರಮಾಣಪತ್ರ. ಇನ್ನೊಂದು, ಕಚೇರಿ ಆದೇಶ. ಇನ್ನು ಮುಂದೆ ಸೇಡಂ, ಚಿಂಚೋಳಿ, ಶಹಾಬಾದಗಳಲ್ಲಿ ನಡೆಯುವ ಶಿಬಿರಗಳಿಗೆ ಸದರಿ ನೌಕರನು ಮಾದರಿ ಶಿಬಿರಾರ್ಥಿಯಾಗಿ ಹಾಜರಾಗಿ, ಬೆಳಿಗ್ಗೆ ತಪ್ಪಾಗಿಯೂ ಮಧ್ಯಾಹ್ನದ ನಂತರ ಸರಿಯಾಗಿಯೂ ಹಲಗಿ ಬಾರಿಸತಕ್ಕದ್ದು.

ಸಂಜೆ ಗಾಡಿಯಲ್ಲಿ ವಾಡಿಯವರೆಗೂ ಭೀಮಶ್ಯಾ ಕಿಟಕಿಯ ಹೊರಗೆ ನೋಡುತ್ತ ಕುಳಿತ. ಗುಟ್ಟು ಉಳಿದಿತ್ತು. ಯಾರೂ ಏನೂ ಕೇಳಿರಲಿಲ್ಲ. ಕೇಳಲಿಲ್ಲವಲ್ಲ ಎಂಬುದೇ ಅವನಿಗೆ ಮುಳ್ಳಾಗಿತ್ತು.

ಮನೆಗೆ ಬಂದರೆ ಲುಂಬಿನಿ ಬಾಗಿಲಲ್ಲೇ ಮೊಬೈಲು ಹಿಡಿದು ನಿಂತಿದ್ದಳು. ಋತ್ವಿಕ್ ಹರಿಬಿಟ್ಟ ವಿಡಿಯೋ ಅವಳಿಗೂ ಮುಟ್ಟಿತ್ತು. ಭೀಮಶ್ಯಾ ಚಪ್ಪಲಿ ಬಿಡುವುದನ್ನೂ ಮರೆತ. ಆಣೆ ಮುರಿದ ಅಪ್ಪನಿಗೆ, ಓದಿದ ಮಗಳು ಏನನ್ನುತ್ತಾಳೋ.

"ಒಳಗ ಬಾ, ಕುಂದ್ರು" ಎಂದಳು ಅವಳು. ಒಳಕೋಣೆಗೆ ಹೋಗಿ, ಜೋಳದ ಚೀಲದ ಹಿಂದಿನಿಂದ ಏನೋ ತಂದು ಅವನೆದುರು ಇಟ್ಟಳು. ಹೊಸ ಹಲಗಿ. ಬಿಳಿ ಪ್ಲಾಸ್ಟಿಕ್ಕಿನದು.

"ಎಂಟು ತಿಂಗಳಾತಪ್ಪಾ ಕಲೀಲಿಕತ್ತಿ. ಮೊಬೈಲಿನಾಗ. ಅದೇ ಋತ್ವಿಕ್ ಸರ್ ಹತ್ರ."

ಭೀಮಶ್ಯಾ ಹಲಗಿಯ ಅಂಚಿನ ಮೇಲೆ ಬೆರಳಾಡಿಸಿದ. "ನನಗ ಹೇಳಬಾರದೇನವ್ವಾ?"

"ಅಜ್ಜ ಸುಟ್ಟಾನ, ನೀ ಬ್ಯಾಡ ಅಂತಿ ಅಂತ ಹೆದರಿದೆ. ನಾ ಯಾರ ಬಾಗಿಲಿಗಿ ಹೋಗಿ ಬಾರಸ್ತೀನಿ? ನಮ್ಮದು ನಮಗ ಬರಲಿ ಅಂತ ಅಷ್ಟೇ. ಆ ಕರಿ ಮಂದಿಗಿ ತಮ್ಮದು ವಾಪಸ್ ತಗೋಬೇಕಂದ್ರ ಮನಿಯಾಗ ಕಲಸೋರು ಒಬ್ಬರರೇ ಇದ್ರು. ನನಗ ಯಾರಿದ್ದಾರ? ಅಜ್ಜನೂ ಇಲ್ಲ, ನಿನಗೂ ಬರಲ್ಲ."

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅನಸುಬಾಯಿಯ ಕೈ ನಿಂತಿತು. ಅವಳು ಮದುವೆಗೆ ಮುಂಚೆ ತೆಂಗಳಿಯ ಓಣಿಯಲ್ಲಿ ಅವನು ಬಾರಿಸುವುದನ್ನು ನೋಡಿಯೇ ಹೂಂ ಅಂದವಳು. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿದಳು.

"ಅವ್ವಾ, ಹಂಗಲ್ಲ. ನಾ ಸಣ್ಣಾಂವ ಇದ್ದಾಗ..."

"ಸಣ್ಣಾಂವ ಇದ್ದಾಗ ಕಲೀಲಿಲ್ಲಂತ ಹಳಹಳಿ ಬ್ಯಾಡಪ್ಪಾ. ಯಾವ ವಯಸ್ಸಿನಾಗರೇ ಕಲೀಬಹುದು. ಮೂರು ತಾಸಿನಾಗ ಇಷ್ಟು ಕಲತಿ ಅಂದ್ರ ನಿನ್ನ ಕೈಯಾಗ ಏನೋ ಅದ. ನನ್ನ ಗೆಳತ್ಯಾರಿಗೆಲ್ಲ ವಿಡಿಯೋ ಕಳಿಸೀನಿ, ನಮ್ಮಪ್ಪ ನೋಡ್ರಿ ಅಂತ." ಅವಳ ಮುಖ ಎಂದೂ ಇಲ್ಲದಷ್ಟು ಬೆಳಗುತ್ತಿತ್ತು. "ಆದ್ರ ಎಡಗೈ ಹಿಡಿತ ತಪ್ಪದ. ಇವತ್ತಿನಿಂದ ದಿನಾ ಅರ್ಧ ತಾಸು ನಾ ಹೇಳಿಕೊಡ್ತೀನಿ. ಹಿಡಿ."

ಹಿಡಿತ ತಪ್ಪಿರಲಿಲ್ಲ. ಅದು ಅಜ್ಜನ ಹಿಡಿತ. ಭೀಮಶ್ಯಾ ಬಾಯಿ ತೆರೆದ. ಲುಂಬಿನಿ ಆಗಲೇ ನೆಲದ ಮೇಲೆ ಅವನೆದುರು ಕುಳಿತು, ಅವನ ಒರಟು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಡ್ಡಿಯ ಮೇಲೆ ಜೋಡಿಸುತ್ತಿದ್ದಳು. ಅವಳು ನಾಲ್ಕು ವರ್ಷದವಳಿದ್ದಾಗ ಪಾಟಿಯ ಮೇಲೆ ಬಳಪ ಹಿಡಿಸಲು ಅವನು ಮಾಡಿದ್ದೂ ಹೀಗೆಯೇ. ಅವಳ ಕೈ ಬೆಚ್ಚಗಿತ್ತು. ಜೋಡಿಸಿ ಮುಗಿಸಿ, ಹೆಣ ಎತ್ತುವ ಅದೇ ತಾಳವನ್ನು ಅವಳು ನೆಲದ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು.

"ಈ ತಾಳಕ್ಕ ಏನಂತಾರ ಗೊತ್ತದೇನಪ್ಪಾ?"

ಭೀಮಶ್ಯಾ ಮಗಳ ಮುಖ ನೋಡಿದ. ಎದೆಗೆ ಹಲಗಿಯನ್ನು ಸ್ವಲ್ಪ ಒತ್ತಿಕೊಂಡ.

"ಇಲ್ಲವ್ವಾ" ಎಂದ. "ನೀ ಹೇಳು."